ಡೂಪ್ಲಿಕೇಟ್

ಹಾಜರಾತಿಯ ಯಂತ್ರಕ್ಕೆ ನನ್ನ ಹೆಬ್ಬೆರಳ ಗುರುತು ಸಿಗುವುದಿಲ್ಲ.
ಹನ್ನೊಂದು ವರ್ಷ ಶಿಡ್ಲಘಟ್ಟದ ಬಿಚ್ಚಾಣಿಕೆ ಮನೆಯಲ್ಲಿ
ಕುದಿನೀರಿಗೆ ಕೈಯಿಟ್ಟು ಗೂಡಿನ ಎಳೆ ಹುಡುಕಿದ ಬೆರಳು,
ಗೆರೆಗಳೆಲ್ಲ ಯಾರದೋ ಸೀರೆಗೆ ಹೋಗಿವೆ.
ಮತ್ತೊಮ್ಮೆ ಪ್ರಯತ್ನಿಸಿ, ಅನ್ನುತ್ತದೆ ಯಂತ್ರ, ಹೆಂಗಸಿನ ದನಿಯಲ್ಲಿ.
ಪಾರಿಜಾತಾ ಮೇಡಂ ದಿನವೂ ಪೆನ್ನಿನಲ್ಲಿ ಬರೆಯುತ್ತಾರೆ:
ಶಗುಫ್ತಾ, ಬಂದಿದ್ದಾಳೆ.

ಚಿಕ್ಕಬಳ್ಳಾಪುರ. ಸಮುದಾಯ ಕಾಲೇಜು. ಮೊದಲ ಮಹಡಿ.
ಕೆಳಗೆ ದ್ರಾಕ್ಷಿ ತೋಟಕ್ಕೆ ಹೊಡೆಯುವ ಔಷಧಿಯ ಅಂಗಡಿ,
ಆ ಘಾಟಿನಲ್ಲೇ ನಾವು ಕಲಿಯುವುದು
ಮನುಷ್ಯರ ಕಾಯಿಲೆಗಳ ಸಂಖ್ಯೆ.
ಆರೋಗ್ಯ ಮಾಹಿತಿ ತಂತ್ರಜ್ಞಾನವೆಂದರೆ
ಅಮ್ಮಿಗೆ ಕಂಪ್ಯೂಟರ್ ನರ್ಸು; ನಾನು ತಿದ್ದಲು ಹೋಗಿಲ್ಲ.
ಕಲೆಗಟ್ಟಿದ ಹಲ್ಲಿಗೆ ಕೆ ಸೊನ್ನೆ ಸೊನ್ನೆ, ಚುಕ್ಕೆ, ಮೂರು:
ಮೇಡಂ ಬೋರ್ಡಿನ ಮೇಲೆ ಬರೆದಾಗ ಇಡೀ ತರಗತಿ ನಕ್ಕಿತು.
ನಕ್ಕಾಗಲೇ ಕಂಡದ್ದು,
ನಮ್ಮ ಬೋರ್‌ವೆಲ್ಲುಗಳ ಕಂದು ರುಜು
ಎಲ್ಲರ ಬಾಯಲ್ಲೂ.

ಕೊನೆಯ ಆರು ವಾರ ಆಸ್ಪತ್ರೆಯ ದಾಖಲೆ ಕೋಣೆ.
ಒಬ್ಬರೇ ಇಬ್ಬರಾಗಿದ್ದರೆ ಹುಡುಕಿ ಸೇರಿಸಬೇಕು,
ಒಂದು ದೇಹಕ್ಕೆ ಒಂದು ನಂಬರು.
ಮುನಿವೆಂಕಟಮ್ಮ, ಎಂದು ಒತ್ತಿದೆ.
ಇನ್ನೂರ ಹದಿನಾಲ್ಕು.
ವಯಸ್ಸು ಐವತ್ತು, ಇಲ್ಲವೆ ಅರವತ್ತು;
ನಡುವಿನ ವರ್ಷಗಳಲ್ಲಿ ಯಾರೂ ಇಲ್ಲ.
ಹುಟ್ಟಿದ್ದು ಎಲ್ಲರೂ ಜನವರಿ ಒಂದಕ್ಕೆ.
ವಿಳಾಸ, ಹಾಲಿನ ಡೇರಿ ಪಕ್ಕ.

ಅದರಲ್ಲೊಬ್ಬಳು ದಿಬ್ಬೂರಹಳ್ಳಿ ಕಡೆಯವಳು.
ರಕ್ತದ ಗುಂಪು ಒಮ್ಮೆ ಬಿ, ಒಮ್ಮೆ ಓ.
ಎರಡು ವರ್ಷದ ಹಿಂದೆ, ಹೆಣ್ಣು ವಾರ್ಡು, ಮರಣ, ಬೆಳಗಿನ ಜಾವ.
ಅದಾದ ಮೇಲೂ ಪ್ರತಿ ತಿಂಗಳು ಐದಕ್ಕೆ
ಬಂದು ಮಾತ್ರೆ ಒಯ್ದಿದ್ದಾಳೆ.
ಬಿಪಿ ಹತೋಟಿಯಲ್ಲಿದೆ, ಎಂದು ಷರಾ.

ಐದನೇ ತಾರೀಕು ಔಷಧಿ ಕಿಟಕಿಯ ಬಳಿ ಕಾದೆ.
ಬಂದಳು. ಪ್ಲಾಸ್ಟಿಕ್ ಕವರಿನೊಳಗೆ ಪ್ಲಾಸ್ಟಿಕ್ ಕವರು,
ಅದರೊಳಗೆ ಚೀಟಿ.
ಇದು ನೀವಾ ಎಂದರೆ
ಸುತ್ತ ನೋಡಿ, ಮೆಲ್ಲಗೆ ತೆಲುಗಿನಲ್ಲಿ,
ಅದಿ ಮಾ ಅಕ್ಕ. ಪೆದ್ದ ಮುನಿವೆಂಕಟಮ್ಮ. ನೇನು ಚಿನ್ನ.
ಆಮೇಲೆ ನನಗಾಗಿ ಕನ್ನಡದಲ್ಲಿ:
ಕಾರ್ಡು ಅಕ್ಕನ ಹೆಸರಲ್ಲಿತ್ತು,
ಬಿಪಿ ನನಗಿತ್ತು.
ಅವಳಿದ್ದಾಗ ಇಬ್ಬರೂ ಒಂದೇ ಚೀಟಿಲಿ ಬರ್ತಿದ್ವಿ,
ಒಂದು ತಿಂಗಳು ಅವಳ ಮೊಣಕಾಲು, ಒಂದು ತಿಂಗಳು ನನ್ನ ತಲೆಸುತ್ತು.
ಪೊಲೀಸಿಗೆ ಹೇಳ್ತೀಯಾ?

ಇಲ್ಲ ಎಂದೆ. ಹೇಳಬೇಕಿತ್ತೇನೋ,
ಪುಸ್ತಕದ ಏಳನೇ ಪಾಠದ ಪ್ರಕಾರ.
ಹೆಸರಿನ ಚೌಕದಲ್ಲಿ ಉದ್ದವಾಯಿತೆಂದು
ದೊಡ್ಡ, ಚಿಕ್ಕ ಎಂಬುದನ್ನು ಯಾರೋ ಕೈಬಿಟ್ಟದ್ದು
ಯಾವ ಪಾಠದಲ್ಲೂ ಇಲ್ಲ.
ಎಂಟು ಗೂಡಿನ ಎಳೆ ಕೂಡಿಸಿ ಒಂದು ನೂಲು ಮಾಡಿದವಳು ನಾನು.
ನೂಲಾದ ಮೇಲೆ
ಇದು ಯಾವ ಹುಳುವಿನದು ಎಂದು ಯಾರೂ ಕೇಳಿರಲಿಲ್ಲ.

ಹೊಸ ನಂಬರು ತೆರೆದೆ.
ಹೆಬ್ಬೆರಳಿಡಿ ಅಜ್ಜಿ.
ರಾಗಿ ಕೊಯ್ದ, ಸಗಣಿ ತಟ್ಟಿದ ಬೆರಳು,
ಮೊದಲ ಸಲಕ್ಕೇ ಹಿಡಿಯಿತು! ಒಂಚೂರು ಹೊಟ್ಟೆಕಿಚ್ಚಾಯಿತು.
ಹೆಸರು: ಚಿಕ್ಕಮುನಿವೆಂಕಟಮ್ಮ.
ಪರದೆಯ ಹತ್ತಿರ ಬಗ್ಗಿ,
ಓದಲು ಬಾರದಿದ್ದರೂ ಬಹಳ ಹೊತ್ತು ನೋಡಿದಳು.

ಅಕ್ಕನ ನಂಬರು ಇನ್ನು ಯಾರಿಗೆ ಕೊಡ್ತೀರ?
ಯಾರಿಗೂ ಕೊಡಲ್ಲ.
ಹಂಗೇ ಬಿದ್ದಿರುತ್ತಾ?
ಹಂಗೇ ಇರುತ್ತೆ ಅಜ್ಜಿ.
ಹಳೆಯ ಚೀಟಿ ವಾಪಸು ಕೇಳಿದಳು, ಕೊಟ್ಟೆ;
ಕವರಿಗಲ್ಲ, ಎಲೆಅಡಿಕೆ ಚೀಲಕ್ಕೆ ಸೇರಿತು.

ಸಂಜೆ ಮೇಡಂಗೆ ವರದಿ.
ಸೇರಿಸಿದ್ದು: ಸೊನ್ನೆ.
ಬಿಡಿಸಿದ್ದು ಎಂಬ ಕಾಲಂ ನಮೂನೆಯಲ್ಲಿರಲಿಲ್ಲ,
ಸ್ಕೇಲು ಇಟ್ಟು
ನಾನೇ ಒಂದು ಗೆರೆ ಎಳೆದುಕೊಂಡೆ.